ಯಜಮಾನರಿಲ್ಲದ ಮನೆ

ಸ್ಯಾಕ್ರಮೆಂಟೊದಿಂದ ಬೆಟ್ಟದ ಕಡೆಗೆ, ಆಬರ್ನ್ ಹತ್ತಿರವಿರುವ ನಮ್ಮ ಬೀದಿಯ ಮೂಲೆಮನೆಯ ಅಜ್ಜ ತೀರಿಕೊಂಡ ಮೇಲೆ ಎರಡು ವರ್ಷ ಅಲ್ಲಿ ದೀಪ ಹಚ್ಚಿದವರಿಲ್ಲ. ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಅದು ಮಾರಾಟಕ್ಕೆ ಬಂದಾಗ ಬಸುರಿ ಮಗಳು, "ಅಪ್ಪಾ, ನಿಮ್ಮ ಪಕ್ಕದಲ್ಲೇ ಇರಬಹುದಲ್ಲ" ಎಂದಳು. ನನ್ನಾಕೆಯದು ಬೇರೆಯೇ ಚಿಂತೆ: "ಅವರು ಮನೆಯೊಳಗೇ ಹೋದರೇನ್ರೀ?" ಮೂರು ವರ್ಷದೊಳಗೆ ಮನೆಯಲ್ಲಿ ಸಾವಾಗಿದ್ದರೆ ಕೊಳ್ಳುವವರಿಗೆ ತಿಳಿಸಬೇಕೆಂಬುದು ಕ್ಯಾಲಿಫೋರ್ನಿಯಾದ ಕಾನೂನು. ಆಸ್ಪತ್ರೆಯಲ್ಲಿ ಎಂದು ಗೊತ್ತಾದ ಮೇಲೆ ಆಕೆಗೆ ನಿರಾಳವಾಯಿತು.

ಟ್ರಸ್ಟ್ ಮಾಡಿಡದೆ ಹೋದವರ ಆಸ್ತಿ ಸಾಮಾನ್ಯವಾಗಿ ಪ್ರೊಬೇಟ್ ಕೋರ್ಟಿನ ಮೂಲಕವೇ ಬರಬೇಕು. ಪೌತಿ ಖಾತೆ, ವಂಶವೃಕ್ಷ ಎಂದು ಊರಿನ ಕಚೇರಿಗಳಿಗೆ ಅಲೆದವರಿಗೆ ಇದೇನೂ ಹೊಸದೆನಿಸದು. ಮಾರುವವರ ಕೈಯಲ್ಲಿ ಕೋರ್ಟು ಕೊಟ್ಟ ಅಧಿಕಾರಪತ್ರ ಇದೆಯೇ ಎಂದು ಮೊದಲು ನೋಡಿ. ಕೋರ್ಟಿನ ಒಪ್ಪಿಗೆ ಬೇಕಾದ ಮಾರಾಟವಾದರೆ, ನಿಮ್ಮ ಬೆಲೆಗೆ ಅವರು ಹೂಂ ಎಂದ ಮೇಲೂ ಜಡ್ಜ್ ಎದುರೇ ಇನ್ನೊಬ್ಬರು ಕೂಗು ಏರಿಸಬಹುದು. ಮೊದಲ 10,000 ಡಾಲರಿಗೆ ಶೇ. 10, ಉಳಿದದ್ದಕ್ಕೆ ಶೇ. 5 ಸೇರಿಸಿ ಕೂಗಬೇಕು. ನಮ್ಮದು 4,00,000, ಎದುರಾಳಿ 4,20,500ರಿಂದ ಶುರುಮಾಡಬೇಕಿತ್ತು. ಪುಣ್ಯಕ್ಕೆ ಯಾರೂ ಬಾಯಿ ತೆರೆಯಲಿಲ್ಲ. ಅಳಿಯನ ಬೆವರು ಮಾತ್ರ ನೋಡುವಂತಿತ್ತು!

ಬೀಗ ತೆಗೆದದ್ದೇ ಅವನು ಪೊರಕೆ ಹಿಡಿದ. "ಮುಟ್ಟಬೇಡ!" ಎಂದು ಕೂಗಿದೆ. ಗ್ಯಾರೇಜಿನ ತುಂಬ ಇಲಿಯ ಹಿಕ್ಕೆ. ನಮ್ಮ ಬೆಟ್ಟಗಳ ಡಿಯರ್ ಮೌಸ್ ಎಂಬ ಇಲಿ ಹ್ಯಾಂಟಾವೈರಸ್ ಹೊತ್ತಿರಬಹುದು. ಒಣ ಹಿಕ್ಕೆ ಗುಡಿಸಿದರೆ ಧೂಳಿನೊಡನೆ ಅದು ಶ್ವಾಸಕೋಶ ಸೇರುತ್ತದೆ. 2012ರಲ್ಲಿ ಯೋಸೆಮಿಟಿಗೆ ಹೋಗಿದ್ದ ಹತ್ತು ಜನರಿಗೆ ತಗುಲಿ ಮೂವರು ತೀರಿಕೊಂಡರು. ಇದಕ್ಕೆ ಖಚಿತ ಔಷಧಿಯಿಲ್ಲ. ಬಾಗಿಲು ಕಿಟಕಿ ತೆಗೆದಿಟ್ಟು ಅರ್ಧ ಗಂಟೆ ಹೊರಗಿದ್ದೆವು. ಆಮೇಲೆ ಗ್ಲೌಸ್ ಹಾಕಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಚೆನ್ನಾಗಿ ತೋಯಿಸಿ, ಐದು ನಿಮಿಷ ಬಿಟ್ಟು ಪೇಪರ್ ಟವೆಲಿನಲ್ಲಿ ಒರೆಸಿದೆವು.

ಇನ್ನು ಬಣ್ಣ. 1978ಕ್ಕೆ ಮುಂಚಿನ ಮನೆಗಳಲ್ಲಿ ಸೀಸದ ಬಣ್ಣವಿರಬಹುದು. ಬಸುರಿಯ ರಕ್ತಕ್ಕೆ ಸೇರಿದ ಸೀಸ ಹೊಟ್ಟೆಯ ಕೂಸಿಗೂ ದಾಟುತ್ತದೆ. ಪರೀಕ್ಷೆಯಲ್ಲಿ ಕಿಟಕಿ ಚೌಕಟ್ಟುಗಳಲ್ಲಿ ಸೀಸ ಸಿಕ್ಕಿತು. ಸೀಸದ ಕೆಲಸಕ್ಕೆ ಸರ್ಟಿಫಿಕೇಟ್ ಇರುವ ಕಂಟ್ರಾಕ್ಟರನನ್ನೇ ಹಿಡಿದೆವು. ಖರ್ಚು ಜಾಸ್ತಿ, ಚೌಕಾಶಿ ಮಾಡಲಿಲ್ಲ. ಮಗಳನ್ನು ಹೊಸ್ತಿಲೂ ದಾಟಗೊಡಲಿಲ್ಲ. ನನ್ನ ಮೇಲೆ ಎರಡು ವಾರ ಮುನಿಸು.

ಹೆರಿಗೆ, ಬಾಣಂತನ ಎಲ್ಲ ನಮ್ಮ ಮನೆಯಲ್ಲೇ ಆಯಿತು. ಧೂಳಿನ ಪರೀಕ್ಷೆ ಸರಿಯಾಗಿ ಬಂದ ಮೇಲೆ, ಮೊಮ್ಮಗಳಿಗೆ ಮೂರು ತಿಂಗಳಾದಾಗ ಅಲ್ಲಿ ಹಾಲುಕ್ಕಿಸಿದೆವು. ಅಜ್ಜನ ನಿಂಬೆಗಿಡ ಹಿತ್ತಲಲ್ಲಿ ಹಾಗೇ ಇದೆ, ಈ ವರ್ಷದ ಉಪ್ಪಿನಕಾಯಿ ಅದರದ್ದೇ.