ಸಾಕೆಟ್ಟಿನ ಹದ

ಭಾನುವಾರ ಬೆಳಿಗ್ಗೆ ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಏರಿಸಿ, ಕೆಳಗೊಂದು ಹಳೆಯ ಬಾಣಲೆ ಇಟ್ಟು ಎಂಜಿನ್ ಆಯಿಲ್ ಬದಲಿಸಲು ಕೂತಿದ್ದೆ. ಎಂಜಿನ್ನಿನ ತಳದಲ್ಲಿ 17ರ ಡ್ರೈನ್ ಬೋಲ್ಟು. ಹಿಂದಿನ ವಾರವಷ್ಟೇ ಕೊಂಡ ಸಾಕೆಟ್ ಸೆಟ್ ಪಕ್ಕದಲ್ಲಿತ್ತು. ಇಪ್ಪತ್ತನಾಲ್ಕು ತುಣುಕು, ಕನ್ನಡಿಯ ಹಾಗೆ ಮಿಂಚುವ ಲೇಪ, ಪ್ರತಿಯೊಂದರ ಮೈಮೇಲೂ ‘ಕ್ರೋಮ್ ವನೇಡಿಯಂ’ ಎಂಬ ಅಚ್ಚು. ಬೋಲ್ಟಿಗೆ ಸಾಕೆಟ್ ಕೂರಿಸಿ, ಹ್ಯಾಂಡಲ್ ಮೇಲೆ ಮೈಭಾರ ಬಿಟ್ಟು ತಳ್ಳಿದೆ. ‘ಕಟಕ್’ ಎಂದಿತು. ಸಡಿಲವಾಯಿತು ಅಂದುಕೊಳ್ಳುವಷ್ಟರಲ್ಲಿ ಹ್ಯಾಂಡಲ್ ಜಾರಿ, ಬೆರಳಗೆಣ್ಣುಗಳು ಫುಟ್‌ರೆಸ್ಟಿಗೆ ಬಡಿದು ಚರ್ಮ ಕಿತ್ತುಬಂತು. ಬೋಲ್ಟು ಇದ್ದಲ್ಲೇ ಇತ್ತು. ಅದರ ಆರು ಮೂಲೆಗಳು ಸವೆದು ಗುಂಡಗಾಗಿದ್ದವು. ಸಾಕೆಟ್ಟಿನ ಬಾಯಂಚಿನಲ್ಲಿ ಕೂದಲೆಳೆಯಂಥ ಬಿರುಕು.

ಬೀದಿಯ ತುದಿಯಲ್ಲಿರುವ ಮೆಕ್ಯಾನಿಕ್ ಬಂದು, ಬೋಲ್ಟಿನ ಅಂಚಿಗೆ ಉಳಿ ಇಟ್ಟು ಓರೆಯಾಗಿ ಬಡಿದು ಬಡಿದು ಬಿಚ್ಚಿಕೊಟ್ಟ. “ಬೋಲ್ಟೇನು ಅಷ್ಟು ಟೈಟ್ ಇರ್ಲಿಲ್ಲ ಸಾರ್, ನಿಮ್ಮ ಸಾಕೆಟ್ಟೇ ಲೂಸು” ಅಂದ. ತನ್ನ ಚೀಲದಿಂದ ಒಂದು 17ರ ಸಾಕೆಟ್ ತೆಗೆದು ಹೊಸ ಬೋಲ್ಟಿನ ತಲೆಗೆ ಕೂರಿಸಿ ನನ್ನ ಕೈಗೆ ಕೊಟ್ಟ. ಹೊಳಪು ಎಂದೋ ಹೋಗಿ ಗ್ರೀಸು ಹಿಡಿದ ಸಾಕೆಟ್ಟು. ಅಲ್ಲಾಡಿಸಿದರೂ ಅಲ್ಲಾಡಲಿಲ್ಲ. ನನ್ನದನ್ನು ಕೂರಿಸಿದರೆ ಅಲುಗುವ ಹಲ್ಲಿನ ಹಾಗೆ ಎಡಕ್ಕೂ ಬಲಕ್ಕೂ ಆಡುತ್ತಿತ್ತು.

ಎರಡರ ಮೇಲೂ 17 ಎಂದೇ ಬರೆದಿತ್ತು. ಮನೆಯಲ್ಲೇ ಗಾಡಿ ರಿಪೇರಿ ಮಾಡಿಕೊಳ್ಳುವ ಎಷ್ಟೋ ಜನ ಅಂಗಡಿಯಲ್ಲಿ ನಿಂತು ಕೇಳುವ ಪ್ರಶ್ನೆ ಇದೇ. ಸಾವಿರ ರೂಪಾಯಿಗೆ ಪೂರ್ತಿ ಸೆಟ್ ಸಿಗುವಾಗ, ಅದೇ ಅಳತೆಯ ಸೆಟ್ಟಿಗೆ ಹತ್ತಾರು ಸಾವಿರ ಕೊಡುವವರು ಯಾವುದಕ್ಕೆ ಕೊಡುತ್ತಾರೆ? ಉತ್ತರ ಇರುವುದು ನಟ್ಟಿನ ಆ ಆರು ಮೂಲೆಗಳಲ್ಲಿ.

ನಟ್ಟಿನ ನಂಬರು ಎಂದರೆ ಅದರ ಎದುರುಬದುರು ಮುಖಗಳ ನಡುವಿನ ಅಂತರ. 10ರ ನಟ್ಟು ಮುಖದಿಂದ ಮುಖಕ್ಕೆ 10 ಮಿಲಿಮೀಟರ್, ಮೂಲೆಯಿಂದ ಮೂಲೆಗೆ ಸುಮಾರು 11.5. ಸಾಕೆಟ್ಟಿನ ಒಳಬಾಯಿಯೂ ಕರಾರುವಾಕ್ಕಾಗಿ 10 ಇದ್ದರೆ ನಟ್ಟು ಒಳಗೆ ಹೋಗುವುದೇ ಕಷ್ಟ. ಆದ್ದರಿಂದ ಒಂದಿಷ್ಟು ಸಡಿಲ ಬಿಡಲೇಬೇಕು. ಆ ಸಡಿಲ 0.1 ಮಿಲಿಮೀಟರ್ ಇದ್ದರೆ, ಸಾಕೆಟ್ಟು ನಟ್ಟನ್ನು ಹಿಡಿಯುವ ಮೊದಲು ಸುಮಾರು 1 ಡಿಗ್ರಿ ಸುಮ್ಮನೆ ತಿರುಗುತ್ತದೆ. 0.3 ಮಿಲಿಮೀಟರ್ ಆದರೆ 3 ಡಿಗ್ರಿ. ಕೇಳಲು ಸಣ್ಣ ಲೆಕ್ಕ. ಆದರೆ ಹಾಗೆ ತಿರುಗಿದ ಸಾಕೆಟ್ಟಿನ ಒಳಗೋಡೆ ನಟ್ಟಿನ ಮುಖಕ್ಕೆ ಒತ್ತಿ ನಿಲ್ಲುವುದಿಲ್ಲ, ಮೂಲೆಯ ಗೆರೆಗೆ ಮಾತ್ರ ತಾಗುತ್ತದೆ. ಅಂಗೈ ಅಗಲದಲ್ಲಿ ಹರಡಬೇಕಿದ್ದ ಭಾರ ಸೂಜಿಮೊನೆಯ ಮೇಲೆ ಬಿದ್ದಂತೆ. ಮೂಲೆ ಒಂದಿಷ್ಟು ನಜ್ಜಾಗುತ್ತದೆ. ನಜ್ಜಾದಷ್ಟೂ ಸಡಿಲ ಹೆಚ್ಚುತ್ತದೆ, ಸಡಿಲ ಹೆಚ್ಚಿದಷ್ಟೂ ಮತ್ತೆ ನಜ್ಜಾಗುತ್ತದೆ. ಮೂರನೆಯ ಸಲ ಒತ್ತುವ ಹೊತ್ತಿಗೆ ನಟ್ಟು ಗುಂಡಗಾಗಿರುತ್ತದೆ.

ನನ್ನ ಸೆಟ್ಟಿನಲ್ಲಿದ್ದವು ಹನ್ನೆರಡು ಮೂಲೆಯ ಸಾಕೆಟ್ಟುಗಳು. ಇಕ್ಕಟ್ಟಿನ ಜಾಗದಲ್ಲಿ 30 ಡಿಗ್ರಿಗೊಮ್ಮೆ ನಟ್ಟಿನ ಮೇಲೆ ಕೂರುವುದರಿಂದ ಅವು ಅನುಕೂಲ, ನಿಜ. ಆದರೆ ಹನ್ನೆರಡು ಮೂಲೆ ಕೊರೆದಾಗ ಪ್ರತಿ ಮೂಲೆಯ ಪಕ್ಕದಲ್ಲಿ ಉಳಿಯುವ ಗೋಡೆ ಚಿಕ್ಕದು, ನಟ್ಟನ್ನು ಹಿಡಿಯುವ ಜಾಗವೂ ಕಡಿಮೆ. ಬಿಗಿದು ತುಕ್ಕು ಹಿಡಿದ ಬೋಲ್ಟಿಗೆ ಆರು ಮೂಲೆಯದೇ ಸರಿ.

ಮೂಲೆಯ ಈ ಸಮಸ್ಯೆಗೆ 1960ರ ದಶಕದಲ್ಲಿ ಅಮೆರಿಕದ ಸ್ನ್ಯಾಪ್-ಆನ್ ಕಂಪನಿ ಒಂದು ಪರಿಹಾರ ಕಂಡುಕೊಂಡಿತು. ಸಾಕೆಟ್ಟಿನ ಒಳಮೂಲೆಗಳನ್ನು ಚೂರು ಕೆತ್ತಿ ಹಿಂದಕ್ಕೆ ಸರಿಸಿದರು. ಆಗ ಸಾಕೆಟ್ಟು ನಟ್ಟಿನ ಮೂಲೆಯನ್ನು ಮುಟ್ಟುವುದೇ ಇಲ್ಲ, ಮೂಲೆಯಿಂದ ಸ್ವಲ್ಪ ಒಳಗೆ, ಮುಖದ ಮೇಲೆ ಒತ್ತುತ್ತದೆ. ‘ಫ್ಲ್ಯಾಂಕ್ ಡ್ರೈವ್’ ಎಂದು ಅದಕ್ಕೆ ಹೆಸರಿಟ್ಟರು. ಇದೇ ಕಂಪನಿ 1920ರಲ್ಲಿ ಮಿಲ್ವಾಕಿ ನಗರದಲ್ಲಿ ಶುರುವಾದದ್ದೂ ಒಂದು ಸರಳ ಯೋಚನೆಯಿಂದ. ಆಗ ಸಾಮಾನ್ಯವಾಗಿ ಒಂದೊಂದು ಸಾಕೆಟ್ಟಿಗೂ ಒಂದೊಂದು ಹಿಡಿ ಅಂಟಿಕೊಂಡಿರುತ್ತಿತ್ತು. ಜೋಸೆಫ್ ಜಾನ್ಸನ್ ಮತ್ತು ವಿಲಿಯಂ ಸೈಡಮನ್ ಹತ್ತು ಸಾಕೆಟ್ಟು, ಬೇಕಾದದ್ದಕ್ಕೆ ಬೇಕಾದದ್ದನ್ನು ಸಿಕ್ಕಿಸಬಹುದಾದ ಐದು ಹಿಡಿ ಮಾಡಿ ಮಾರಿದರು. ಐದು ಹಿಡಿ ಐವತ್ತರ ಕೆಲಸ ಮಾಡುತ್ತವೆ ಎಂಬುದೇ ಅವರ ಜಾಹೀರಾತು. ಫ್ಲ್ಯಾಂಕ್ ಡ್ರೈವಿನ ಪೇಟೆಂಟ್ ಅವಧಿ ಮುಗಿದು ಬಹಳ ಕಾಲವಾಯಿತು. ಈಗ ಮಧ್ಯಮ ಬೆಲೆಯ ಸೆಟ್ಟುಗಳಲ್ಲೂ ಅದೇ ಬಗೆಯ ಒಳಬಾಯಿ ಇರುತ್ತದೆ. ಸಾಕೆಟ್ಟನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಮೂಲೆಗಳು ಚೂಪಾಗಿ ಸೇರುವ ಬದಲು ಸಣ್ಣ ಕಮಾನಿನಂತೆ ತಗ್ಗಿದ್ದರೆ ಇದು ಆ ಜಾತಿಯದು.

ಆಕಾರ ಕಣ್ಣಿಗೆ ಕಾಣುತ್ತದೆ. ಕಾಣದೇ ಇರುವುದು ಉಕ್ಕಿನ ಹದ.

ಕುಲುಮೆಯ ಮುಂದೆ ನಿಂತು ಕುಡುಗೋಲು ಮಾಡುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕಮ್ಮಾರ ಕೆಂಪಗೆ ಕಾಯಿಸಿದ ಕಬ್ಬಿಣವನ್ನು ನೀರಿಗೆ ಅದ್ದುತ್ತಾನೆ, ಚುಂಯ್ ಎಂದು ಆವಿ ಏಳುತ್ತದೆ. ಆ ಒಂದು ಕ್ಷಣದಲ್ಲಿ ಉಕ್ಕಿನೊಳಗಿನ ಇಂಗಾಲದ ಪರಮಾಣುಗಳಿಗೆ ಹೊರಗೆ ಬರಲು ಪುರುಸೊತ್ತು ಸಿಗದೆ ಕಬ್ಬಿಣದ ಹರಳುಗಳ ಮಧ್ಯೆ ಸಿಕ್ಕಿಬೀಳುತ್ತವೆ. ಹರಳು ಬಿಗಿದು ಅತಿ ಗಡುಸಾಗುತ್ತದೆ. ಈ ಸ್ಥಿತಿಗೆ ಮಾರ್ಟೆನ್ಸೈಟ್ ಎಂದು ಹೆಸರು. ಅಲ್ಲಿಗೇ ಬಿಟ್ಟರೆ ಕುಡುಗೋಲು ಗಾಜಿನ ಹಾಗೆ ಸಿಡಿಯುತ್ತದೆ. ಅದಕ್ಕೇ ಕಮ್ಮಾರ ಅದನ್ನು ಮತ್ತೆ ಸಣ್ಣಗೆ ಕಾಯಿಸಿ, ಬಣ್ಣ ನೋಡಿ, ಗಡಸುತನವನ್ನು ಚೂರು ಇಳಿಸಿ ಬಾಳಿಕೆ ತರುತ್ತಾನೆ. ಸಾಕೆಟ್ ಕಾರ್ಖಾನೆಯಲ್ಲಿ ನಡೆಯುವುದೂ ಇದೇ. ಅಲ್ಲಿ ಕಣ್ಣಂದಾಜಿನ ಬದಲು ತಾಪಮಾಪಕವಿರುತ್ತದೆ, ನೀರಿನ ಬದಲು ಸಾಮಾನ್ಯವಾಗಿ ಎಣ್ಣೆ ಇರುತ್ತದೆ.

ಕೈ ಸಾಕೆಟ್ಟುಗಳ ಗಡಸುತನ ರಾಕ್‌ವೆಲ್ ಸಿ ಮಾಪನದಲ್ಲಿ ಸುಮಾರು 40ರಿಂದ 50ರ ನಡುವೆ ಇರಬೇಕು. ಗಾಡಿಯ ಬೋಲ್ಟಿನ ತಲೆಯ ಮೇಲೆ ‘8.8’ ಎಂಬ ಅಚ್ಚು ನೋಡಿರುತ್ತೀರಿ. ಅಂಥ ಬೋಲ್ಟಿನ ಗಡಸುತನ ಹೆಚ್ಚೆಂದರೆ 32ರ ಆಸುಪಾಸು. ಬೋಲ್ಟಿಗಿಂತ ಸಾಕೆಟ್ಟು ಗಡುಸಾಗಿರಬೇಕು ಎಂಬುದೇ ಈ ಅಂತರದ ಅರ್ಥ. ಹದ ಕಡಿಮೆಯಾದ ಸಾಕೆಟ್ಟು ಮೊದಲ ಬಿಗಿ ಬೋಲ್ಟಿಗೇ ಬಾಯಿ ಬಿಡುತ್ತದೆ, ಆಮೇಲೆ ಸಿಕ್ಕಿದ ನಟ್ಟನ್ನೆಲ್ಲ ಕೆಡಿಸುತ್ತ ಹೋಗುತ್ತದೆ. ಹದ ಮೀರಿದ್ದು ಸೀಳುತ್ತದೆ. ನನ್ನ ಸಾಕೆಟ್ಟಿನಲ್ಲಿ ಅಳತೆಯೂ ತಪ್ಪಿತ್ತು, ಹದವೂ ತಪ್ಪಿತ್ತು.

ಇನ್ನು ಆ ‘ಕ್ರೋಮ್ ವನೇಡಿಯಂ’. ಈ ಬಗೆಯ ಉಕ್ಕಿನಲ್ಲಿ ಕ್ರೋಮಿಯಂ ನೂರಕ್ಕೆ ಒಂದರಷ್ಟು, ವನೇಡಿಯಂ ಅದರ ಐದಾರನೇ ಒಂದು ಪಾಲು. ಉಪ್ಪಿನ ಹಾಗೆ ಪ್ರಮಾಣ ಕಡಿಮೆ, ಕೆಲಸ ದೊಡ್ಡದು. ಕ್ರೋಮಿಯಂ ಇದ್ದರೆ ಉಕ್ಕು ಮೇಲುಮೈಯಲ್ಲಿ ಮಾತ್ರವಲ್ಲದೆ ಒಳಗಿನವರೆಗೂ ಹದಗೊಳ್ಳುತ್ತದೆ. ವನೇಡಿಯಂ ಇಂಗಾಲದ ಜೊತೆ ಸೇರಿ ಅತಿಸೂಕ್ಷ್ಮ ಕಣಗಳಾಗಿ, ಕಾಯಿಸುವಾಗ ಉಕ್ಕಿನ ಹರಳುಗಳು ದಪ್ಪವಾಗಿ ಬೆಳೆಯದಂತೆ ತಡೆಯುತ್ತದೆ. ಹರಳು ಸಣ್ಣಗಿದ್ದಷ್ಟೂ ಬಿರುಕು ಓಡಲು ಕಷ್ಟ. ಹೆನ್ರಿ ಫೋರ್ಡ್ 1908ರ ತನ್ನ ಮಾಡೆಲ್ ಟಿ ಕಾರಿಗೆ ವನೇಡಿಯಂ ಉಕ್ಕು ಬಳಸಿದ್ದೂ ಇದಕ್ಕಾಗಿಯೇ. ನಮ್ಮ ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಸುತ್ತಿನ ಕಲ್ಲುಪಟ್ಟಿಯಲ್ಲಿ ಈ ಎರಡೂ ಲೋಹಗಳು ಒಂದೇ ನೆಲದಲ್ಲಿ ಸಿಗುತ್ತವೆ. ಬೈರಾಪುರದ ಗಣಿಯದು ಕ್ರೋಮೈಟ್ ಅದಿರು, ಅದೇ ಪಟ್ಟಿಯ ಮ್ಯಾಗ್ನೆಟೈಟ್ ಕಲ್ಲಿನಲ್ಲಿ ವನೇಡಿಯಂ ಬೆರೆತಿದೆ.

ಆದರೆ ಅಚ್ಚು ಒತ್ತುವುದಕ್ಕೆ ಖರ್ಚಿಲ್ಲ. ಒಳ್ಳೆಯ ಉಕ್ಕನ್ನೇ ತಂದು ಹದ ಕೆಡಿಸಿದರೂ ಮೈಮೇಲಿನ ಅಕ್ಷರ ಹಾಗೇ ಇರುತ್ತದೆ. ದುಬಾರಿ ಸೆಟ್ಟಿನಲ್ಲಿ ನಾವು ಕೊಡುವ ಹಣದ ದೊಡ್ಡ ಪಾಲು ಹೋಗುವುದು ಲಕ್ಷ ಸಾಕೆಟ್ಟುಗಳಲ್ಲಿ ಮೊದಲನೆಯದೂ ಕೊನೆಯದೂ ಒಂದೇ ಹದದಲ್ಲಿ ಬರುವಂತೆ ನೋಡಿಕೊಳ್ಳುವುದಕ್ಕೆ. ಅಗ್ಗದ ಸೆಟ್ಟಿನಲ್ಲಿ ಹತ್ತು ಸಾಕೆಟ್ಟು ಚೆನ್ನಾಗಿಯೇ ಇರಬಹುದು. ಹನ್ನೊಂದನೆಯದರ ಬಗ್ಗೆ ಯಾರೂ ಭರವಸೆ ಕೊಡಲಾರರು.

ಮಿಂಚುವ ಲೇಪದಲ್ಲೂ ಒಂದು ಅಪಾಯ ಅಡಗಿದೆ. ಮೊದಲು ನಿಕ್ಕಲ್, ಅದರ ಮೇಲೆ ಒಂದು ಮೈಕ್ರಾನಿಗಿಂತಲೂ ತೆಳುವಾದ ಕ್ರೋಮಿಯಂ, ಇದು ಸಾಮಾನ್ಯ ಕ್ರಮ. ಲೇಪ ಹಾಕುವ ಮೊದಲು ಆಮ್ಲದಲ್ಲಿ ತೊಳೆಯುವಾಗಲೂ ವಿದ್ಯುತ್ ಹರಿಸಿ ಲೇಪಿಸುವಾಗಲೂ ಹೈಡ್ರೋಜನ್ ಪರಮಾಣುಗಳು ಹುಟ್ಟಿ ಉಕ್ಕಿನೊಳಗೆ ನುಸುಳುತ್ತವೆ. ತೀರ ಚಿಕ್ಕ ಪರಮಾಣು ಅದು, ಎಲ್ಲಿ ಬೇಕಾದರೂ ಹೊಕ್ಕೀತು. ಒಳಗೆ ಸೇರಿದ್ದು ಬಲ ಹೆಚ್ಚು ಬೀಳುವ ಜಾಗದಲ್ಲಿ ಗುಂಪುಗೂಡಿ ಗಟ್ಟಿ ಉಕ್ಕನ್ನು ಪೆಡಸಾಗಿಸುತ್ತದೆ. 1875ರಷ್ಟು ಹಿಂದೆಯೇ ವಿಲಿಯಂ ಜಾನ್ಸನ್ ಎಂಬಾತ ಆಮ್ಲದಲ್ಲಿ ಅದ್ದಿದ ಉಕ್ಕು ಹೀಗೆ ಮುರುಕಲಾಗುವುದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಮಾಡಿದ್ದ. ಪರಿಹಾರವೂ ಗೊತ್ತಿದೆ. ಲೇಪ ಮುಗಿದ ಕೂಡಲೇ ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹಲವು ಗಂಟೆ ಇಟ್ಟರೆ ಹೈಡ್ರೋಜನ್ ಹೊರಟುಹೋಗುತ್ತದೆ. ಆ ಹಲವು ಗಂಟೆಯ ಕರೆಂಟು ಮತ್ತು ಸಮಯವನ್ನು ಉಳಿಸುವವರ ಸಾಕೆಟ್ಟು ಯಾವತ್ತೋ ಒಂದು ದಿನ ಮುನ್ಸೂಚನೆಯಿಲ್ಲದೆ ಸೀಳುತ್ತದೆ. ಲೇಪ ಎದ್ದುಬರುತ್ತಿರುವ ಸಾಕೆಟ್ಟನ್ನಂತೂ ಎಸೆದುಬಿಡಿ, ಆ ಸಿಪ್ಪೆ ಬ್ಲೇಡಿನಷ್ಟು ಹರಿತ.

ಸೆಟ್ ಮುರಿದಾಗಲೆಲ್ಲ ತಪ್ಪು ಉಕ್ಕಿನದೇ ಎನ್ನಲಾಗದು. ಆನ್‌ಲೈನಿನಲ್ಲಿ ಎಲ್ಲರೂ ಕೊಳ್ಳುವ 46 ತುಣುಕಿನ ಸಣ್ಣ ಪೆಟ್ಟಿಗೆಯ ಡ್ರೈವ್, ಅಂದರೆ ಸಾಕೆಟ್ಟಿನ ಬೆನ್ನಿಗೆ ಸಿಕ್ಕುವ ಚೌಕ, ಕಾಲು ಇಂಚಿನದು. ಅದರ ಮೇಲಿನದು 3/8 ಇಂಚು, ಆಮೇಲೆ ಅರ್ಧ ಇಂಚು. (ಸಾಕೆಟ್ಟು ಮಿಲಿಮೀಟರಿನದಾದರೂ ಈ ಚೌಕ ಜಗತ್ತಿನಾದ್ಯಂತ ಇಂಚಿನ ಲೆಕ್ಕದಲ್ಲೇ ಉಳಿದಿದೆ.) ತಿರುಚಿದಾಗ ತಡೆಯುವ ಶಕ್ತಿ ಚೌಕದ ಅಳತೆಯ ಘನಕ್ಕೆ ತಕ್ಕಂತೆ ಏರುತ್ತದೆ. ಅದೇ ಉಕ್ಕಿನಲ್ಲಿ 3/8 ಇಂಚಿನದು ಕಾಲು ಇಂಚಿನದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ತಡೆದರೆ, ಅರ್ಧ ಇಂಚಿನದು ಎಂಟು ಪಟ್ಟು ತಡೆಯುತ್ತದೆ. ಇಪ್ಪತ್ತು ಕಿಲೋ ಭಾರದಷ್ಟು ಒತ್ತಿ, 25 ಸೆಂಟಿಮೀಟರ್ ಹ್ಯಾಂಡಲ್ ತಿರುಗಿಸಿದರೆ ಸುಮಾರು 50 ನ್ಯೂಟನ್ ಮೀಟರ್ ಟಾರ್ಕ್ ಬರುತ್ತದೆ. ಸಣ್ಣ ಬೈಕಿನ ಡ್ರೈನ್ ಬೋಲ್ಟಿಗೆ 25ರಿಂದ 30 ಸಾಕು. ಕಾರಿನ ಚಕ್ರದ ನಟ್ಟಿಗೆ ನೂರರ ಹತ್ತಿರ ಬೇಕು. ಕಾಲು ಇಂಚಿನ ರಾಚೆಟ್ಟಿಗೆ, ಅಂದರೆ ಒಂದೇ ದಿಕ್ಕಿಗೆ ಹಿಡಿಯುವ ಹಲ್ಲಿನ ಹ್ಯಾಂಡಲಿಗೆ, ಪೈಪು ತೂರಿಸಿ ಚಕ್ರದ ನಟ್ಟು ಬಿಚ್ಚಹೊರಟರೆ ಎಷ್ಟು ದುಬಾರಿ ಸೆಟ್ಟಾದರೂ ಮುರಿದೀತು.

ರಾಚೆಟ್ಟಿನ ಬಗ್ಗೆ ನನ್ನ ಅಭಿಪ್ರಾಯ ಅಂಗಡಿಯವರ ಮಾತಿಗೆ ವಿರುದ್ಧವಿದೆ. ಅವರು ಹಲ್ಲಿನ ಲೆಕ್ಕ ಹೇಳಿ ಮಾರುತ್ತಾರೆ. 24 ಹಲ್ಲಿನದಾದರೆ ಒಂದು ಹಲ್ಲು ದಾಟಲು 15 ಡಿಗ್ರಿ ಆಡಿಸಬೇಕು, 72 ಹಲ್ಲಿನದಕ್ಕೆ 5 ಡಿಗ್ರಿ ಸಾಕು. ಟ್ಯಾಂಕಿನ ಕೆಳಗೆ ಕೈಯಾಡದ ಜಾಗದಲ್ಲಿ ಇದು ದೊಡ್ಡ ಉಪಕಾರ. ಆದರೆ ಹಲ್ಲು ಹೆಚ್ಚಿದಷ್ಟೂ ಒಂದೊಂದು ಹಲ್ಲೂ ಸಣ್ಣದಾಗುತ್ತದೆ. ಅಷ್ಟು ಸಣ್ಣ ಹಲ್ಲನ್ನು ಗಟ್ಟಿಯಾಗಿ, ಒಂದಕ್ಕೊಂದು ಸರಿಯಾಗಿ ಕೂರುವಂತೆ ಮಾಡುವುದಕ್ಕೆ ಒಳ್ಳೆಯ ಹದ, ಒಳ್ಳೆಯ ಯಂತ್ರ ಬೇಕು. ಅಗ್ಗದಲ್ಲಿ ಕೊಳ್ಳುವುದಾದರೆ ದಪ್ಪ ಹಲ್ಲಿನದೇ ಮೇಲು. ಇನ್ನೊಂದು ಪರೀಕ್ಷೆ ಅಂಗಡಿಯಲ್ಲೇ ಮಾಡಬಹುದು. ರಾಚೆಟ್ಟಿಗೆ ಸಾಕೆಟ್ ಸಿಕ್ಕಿಸಿ, ಸಾಕೆಟ್ಟನ್ನು ಎರಡೇ ಬೆರಳಲ್ಲಿ ಹಗುರವಾಗಿ ಹಿಡಿದು ಹ್ಯಾಂಡಲನ್ನು ಹಿಂದಕ್ಕೆ ತಿರುಗಿಸಿ. ಒಳ್ಳೆಯದು ಕೈಗಡಿಯಾರದ ಕೀಲಿಯ ಹಾಗೆ ಸದ್ದು ಮಾಡುತ್ತ ಹಗುರಾಗಿ ಸರಿಯುತ್ತದೆ. ಕೆಟ್ಟದ್ದು ಬೆರಳನ್ನೂ ಎಳೆದುಕೊಂಡು ಹೋಗುತ್ತದೆ. ಅಂಥ ರಾಚೆಟ್ಟು ಸಡಿಲಾದ ನಟ್ಟನ್ನು ಮುಂದಕ್ಕೆ ಎಷ್ಟು ಬಿಚ್ಚುತ್ತದೋ ಹಿಂದಕ್ಕೆ ಬರುವಾಗ ಅಷ್ಟೇ ಬಿಗಿಯುತ್ತದೆ.

ಹಾಗಾದರೆ ಏನು ಕೊಳ್ಳಬೇಕು? ದಿನವಿಡೀ ನಟ್ಟು ಬಿಚ್ಚಿ ಹೊಟ್ಟೆ ಹೊರೆಯುವ ಗ್ಯಾರೇಜಿನವರಿಗೆ ಸ್ನ್ಯಾಪ್-ಆನ್, ಜರ್ಮನಿಯ ಸ್ಟಾಲ್‌ವಿಲ್ಲೆ, ಹಾಜೆಟ್, ಜಪಾನಿನ ಕೋಕೆನ್ ಸೆಟ್ಟುಗಳು ಹಾಕಿದ ದುಡ್ಡನ್ನು ದುಡಿದುಕೊಟ್ಟಾವು. ವರ್ಷಕ್ಕೆ ಹತ್ತು ಹನ್ನೆರಡು ಸಲ ಪೆಟ್ಟಿಗೆ ತೆರೆಯುವ ನನ್ನಂಥವರಿಗೆ ಅಷ್ಟು ಬೇಕಿಲ್ಲ. ನಾಸಿಕದ ಟಪಾರಿಯಾದಂಥ ಮಧ್ಯಮ ಬೆಲೆಯವು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಜಿಲ್ಲಾ ಕೇಂದ್ರಗಳ ಹಾರ್ಡ್‌ವೇರ್ ಅಂಗಡಿಗಳಲ್ಲೂ ಬಿಡಿಬಿಡಿಯಾಗಿ ಸಿಗುತ್ತವೆ. ಬಿಡಿಯಾಗಿ ಸಿಗುವುದೇ ದೊಡ್ಡ ಅನುಕೂಲ. ಜಪಾನಿ ವಿನ್ಯಾಸದಿಂದ ಬಂದ ಬೈಕುಗಳಲ್ಲಿ 8, 10, 12, 14, 17 ಇದ್ದರೆ ಮುಕ್ಕಾಲು ಪಾಲು ಕೆಲಸ ಮುಗಿಯುತ್ತದೆ. ಯುರೋಪಿನ ಕಾರಾದರೆ 13 ಬೇಕೇ ಬೇಕು, ಏಕೆಂದರೆ 8 ಮಿಲಿಮೀಟರ್ ಬೋಲ್ಟಿನ ತಲೆ ಜಪಾನಿಯರಿಗೆ 12, ಯುರೋಪಿನವರಿಗೆ 13. ನೂರು ತುಣುಕಿನ ಪೆಟ್ಟಿಗೆಗೆ ಹಾಕುವ ಹಣದಲ್ಲಿ ಈ ಐದಾರು ಅಳತೆಯ ಆರು ಮೂಲೆಯ ಸಾಕೆಟ್ಟು, 3/8 ಇಂಚಿನ ಒಂದು ಒಳ್ಳೆಯ ರಾಚೆಟ್ಟು, ಬಿಗಿ ಬಿಚ್ಚಲು ಅರ್ಧ ಇಂಚಿನ ಉದ್ದ ಹ್ಯಾಂಡಲ್ ಕೊಳ್ಳಿ. ಅಪರೂಪದ ಅಳತೆಗಳಿಗೆ ಅಗ್ಗದ ಸೆಟ್ಟೂ ಆದೀತು. ಕೊಳ್ಳುವಾಗ ಜೇಬಿನಲ್ಲಿ ಒಂದು ಹೊಸ ಬೋಲ್ಟು ಒಯ್ಯಿರಿ. ಸಾಕೆಟ್ಟನ್ನು ಅದರ ಮೇಲೆ ಕೂರಿಸಿ ಅಲ್ಲಾಡಿಸಿ ನೋಡಿ. ಬಾಯಿಯ ಸುತ್ತಲಿನ ಗೋಡೆ ಎಲ್ಲ ಕಡೆ ಒಂದೇ ದಪ್ಪ ಇದೆಯೇ ಗಮನಿಸಿ.

ಕರೆಂಟಿನ ಇಂಪ್ಯಾಕ್ಟ್ ಗನ್ನಿಗೆ ಮಾತ್ರ ಈ ಹೊಳೆಯುವ ಸಾಕೆಟ್ಟುಗಳನ್ನು ಯಾವತ್ತೂ ಹಾಕಬೇಡಿ. ಅದರ ಸುತ್ತಿಗೆಯಂಥ ಹೊಡೆತಕ್ಕೆಂದೇ ಕ್ರೋಮ್ ಮಾಲಿಬ್ಡಿನಮ್ ಉಕ್ಕಿನ, ಗೋಡೆ ದಪ್ಪಗಿರುವ ಕಪ್ಪು ಸಾಕೆಟ್ಟುಗಳಿವೆ. ಕರಾವಳಿಯ ಉಪ್ಪುಗಾಳಿಗೆ ತುಕ್ಕು ಹಿಡಿದ ಬೋಲ್ಟಾದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಕನ್ನಡಕ ಹಾಕಿಕೊಳ್ಳಿ. ಇನ್ನೊಂದು ಮಾತು, ನನ್ನ ಬೆರಳಗೆಣ್ಣಿನ ಗಾಯ ಕಲಿಸಿದ್ದು: ಹ್ಯಾಂಡಲನ್ನು ತಳ್ಳಬೇಡಿ, ನಿಮ್ಮ ಕಡೆಗೆ ಎಳೆಯಿರಿ. ತಳ್ಳಲೇಬೇಕಾದ ಜಾಗವಾದರೆ ಬೆರಳು ಮಡಿಸದೆ, ಅಂಗೈ ಬಿಚ್ಚಿಟ್ಟು ಒತ್ತಿ.