ಮೋಟಾರ್ ಸೈಕಲ್ಲಿನ ಎಕ್ಸಿಲರೇಟರ್: ಎಷ್ಟು ಬಿಗಿ, ಎಷ್ಟು ಸಡಿಲ?

ಹಾಲಿನ ಡೈರಿಗೆ, ಸಂತೆಗೆ, ಗೊಬ್ಬರದ ಅಂಗಡಿಗೆ ಹೋಗಿಬರಲು ಇಂದು ಅನೇಕ ರೈತರಿಗೆ ಮೋಟಾರ್ ಸೈಕಲ್ಲೇ ಆಧಾರ. ಧೂಳು ಕೆಸರಿನ ದಾರಿಯಲ್ಲಿ ದುಡಿಯುವ ಈ ವಾಹನದ ಎಕ್ಸಿಲರೇಟರ್ ಹಿಡಿ ಕಾಲಕ್ರಮೇಣ ಸಡಿಲವಾಗುವುದುಂಟು. ಆಗ ಹಿಡಿ ತಿರುಗಿಸಿದರೂ ಎಂಜಿನ್ ತಡವಾಗಿ ವೇಗ ಪಡೆಯುತ್ತದೆ. ಇದಕ್ಕೆ ಬೇಸತ್ತು ಕೆಲವರು ಕೇಬಲ್ಲನ್ನು ಸ್ವಲ್ಪವೂ ಸಡಿಲವಿಲ್ಲದಂತೆ ಬಿಗಿ ಮಾಡಿಸುತ್ತಾರೆ. ಇದು ಸಡಿಲಕ್ಕಿಂತ ಹೆಚ್ಚು ಅಪಾಯಕರ.

ಸ್ವಲ್ಪ ಸಡಿಲ ಏಕೆ ಬೇಕು?

ಹಿಡಿ ತಿರುಗಿಸಿದಾಗ ಕೇಬಲ್ಲಿನ ಒಳಗಿನ ಉಕ್ಕಿನ ತಂತಿಯು ಕಾರ್ಬುರೇಟರಿನ ಗಾಳಿಯ ದಾರಿಯನ್ನು ತೆರೆಯುತ್ತದೆ. ಹಿಡಿ ಬಿಟ್ಟೊಡನೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಹ್ಯಾಂಡಲ್ಲನ್ನು ಪಕ್ಕಕ್ಕೆ ಪೂರ್ತಿ ಹೊರಳಿಸಿದಾಗ ಕೇಬಲ್ ಬಾಗಿ, ಒಳತಂತಿ ಸ್ವಲ್ಪ ಎಳೆದಂತಾಗುತ್ತದೆ. ಸಡಿಲವೇ ಇಲ್ಲದಿದ್ದರೆ ಹಿಡಿ ತಿರುಗಿಸದೆಯೇ ಎಂಜಿನ್ ವೇಗ ಏರುತ್ತದೆ. ಹಾಲಿನ ಕ್ಯಾನು ಹೇರಿಕೊಂಡು ಇಕ್ಕಟ್ಟಾದ ತಿರುವಿನಲ್ಲಿ ಹೊರಳುವಾಗ ಹೀಗಾದರೆ ಬೀಳುವ ಸಂಭವವೇ ಹೆಚ್ಚು. ಮೂಗುದಾರವನ್ನು ಸದಾ ಜಗ್ಗಿ ಹಿಡಿದರೆ ಎತ್ತು ಕಂಗೆಡುತ್ತದೆ, ಪೂರ್ತಿ ಬಿಟ್ಟರೆ ಮಾತು ಕೇಳುವುದಿಲ್ಲ. ಕೇಬಲ್ಲಿನ ವಿಷಯವೂ ಹಾಗೆಯೇ.

ಹಿಡಿಯ ಒಳಅಂಚಿನಲ್ಲಿ ಅಳೆದಾಗ ಸಾಮಾನ್ಯ ಬೈಕುಗಳಲ್ಲಿ 2ರಿಂದ 6 ಮಿ.ಮೀ. ಸಡಿಲವಿರಬೇಕು. ನಿಮ್ಮ ವಾಹನದ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿರಿ.

ಸರಿಪಡಿಸುವ ಕ್ರಮ

1. ಎಂಜಿನ್ ನಿಲ್ಲಿಸಿ, ವಾಹನವನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿರಿ. ಹ್ಯಾಂಡಲ್ ನೇರವಾಗಿರಲಿ.

2. ಹಿಡಿಯನ್ನು ಪೂರ್ತಿ ತಿರುಗಿಸಿ ಬಿಡಿರಿ. ಅದು ತಾನಾಗಿಯೇ ಚಟ್ಟನೆ ಹಿಂದಿರುಗಬೇಕು. ಹಾಗಾಗದಿದ್ದರೆ ಕೇಬಲ್ ಮಡಿಚಿದೆಯೇ, ಎಳೆ ಹರಿದಿದೆಯೇ, ಹಿಡಿಯಲ್ಲಿ ಮಣ್ಣು ಸೇರಿದೆಯೇ ನೋಡಿರಿ. ಎಳೆ ಹರಿದ ಕೇಬಲ್ಲನ್ನು ಬದಲಾಯಿಸುವುದೊಂದೇ ದಾರಿ.

3. ಕೇಬಲ್ಲಿನ ತುದಿಯ ರಬ್ಬರ್ ಟೊಪ್ಪಿಯನ್ನು ಸರಿಸಿ, ಲಾಕ್ ನಟ್ಟನ್ನು ಸ್ಪ್ಯಾನರಿನಿಂದ ಸಡಿಲಿಸಿರಿ.

4. ಅಡ್ಜಸ್ಟರನ್ನು ಹೊರಬರುವಂತೆ ತಿರುಗಿಸಿದರೆ ಸಡಿಲ ಕಡಿಮೆಯಾಗುತ್ತದೆ. ಒಳಹೋಗುವಂತೆ ತಿರುಗಿಸಿದರೆ ಹೆಚ್ಚುತ್ತದೆ. ಒಮ್ಮೆಗೆ ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿಸದೆ ಅಳೆಯುತ್ತ ಹೋಗಿರಿ.

5. ಅಳತೆ ಸರಿಬಂದ ಮೇಲೆ ಲಾಕ್ ನಟ್ ಬಿಗಿಮಾಡಿ, ರಬ್ಬರ್ ಟೊಪ್ಪಿಯನ್ನು ಮುಚ್ಚಿರಿ. ಇಲ್ಲದಿದ್ದರೆ ನೀರು ಧೂಳು ಒಳಸೇರುತ್ತವೆ.

6. ಬಯಲಿನಲ್ಲಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಮಾಡಿ, ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ಹೊರಳಿಸಿರಿ. ಎಂಜಿನ್ ಸದ್ದು ಏರಬಾರದು. ಏರಿದರೆ ಕೇಬಲ್ ಬಿಗಿಯಾಗಿದೆ ಅಥವಾ ಅದು ಹಾದುಹೋಗುವ ದಾರಿ ತಪ್ಪಿದೆ ಎಂದರ್ಥ. ಅದನ್ನು ಸರಿಪಡಿಸದೆ ವಾಹನ ಹತ್ತಬಾರದು.

ಗಮನಿಸಬೇಕಾದ ಅಂಶಗಳು

ಕಾರ್ಬುರೇಟರಿನ ಐಡ್ಲಿಂಗ್ ಸ್ಕ್ರೂ ಬೇರೆ, ಕೇಬಲ್ ಅಡ್ಜಸ್ಟರ್ ಬೇರೆ. ಒಂದರ ಬದಲು ಇನ್ನೊಂದನ್ನು ತಿರುಗಿಸಬಾರದು. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲೆ ಫ್ಯೂಯಲ್ ಇಂಜೆಕ್ಷನ್ ಬೈಕುಗಳು ಸಾಮಾನ್ಯವಾಗಿವೆ. ಇವುಗಳಲ್ಲಿ ಕೇಬಲ್ ಇದ್ದರೆ ಅದರ ಸಡಿಲವನ್ನಷ್ಟೇ ಸರಿಪಡಿಸಬಹುದು; ಐಡ್ಲಿಂಗ್ ವೇಗದ ತೊಂದರೆಯನ್ನು ನುರಿತ ಮೆಕ್ಯಾನಿಕ್ಕಿಗೇ ಬಿಡಬೇಕು. ಹೋಗಿಬರುವ ಎರಡು ಕೇಬಲ್ಲುಗಳಿದ್ದಲ್ಲಿ ಕೈಪಿಡಿ ನೋಡದೆ ಕೈಹಾಕಬಾರದು.

ಓಡುವಾಗ ಹಿಡಿ ಸಿಕ್ಕಿಹಾಕಿಕೊಂಡರೆ ಗಾಬರಿಯಾಗದೆ ಕ್ಲಚ್ ಒತ್ತಿ, ಎಂಜಿನ್ ನಿಲ್ಲಿಸುವ ಸ್ವಿಚ್ ಇದ್ದರೆ ಅದನ್ನು ಆರಿಸಿ, ಎರಡೂ ಬ್ರೇಕ್ ಹಿಡಿಯಿರಿ. ಸ್ವಿಚ್ ಇಲ್ಲದಿದ್ದರೆ ಕೀಯನ್ನು ಆಫ್ ಮಾಡಬಹುದು, ಆದರೆ ಹ್ಯಾಂಡಲ್ ಲಾಕ್ ಆಗುವಷ್ಟು ತಿರುಗಿಸಬಾರದು.

ಈ ತಪಾಸಣೆಗೆ ಐದು ನಿಮಿಷ ಸಾಕು. ತಿಂಗಳಿಗೊಮ್ಮೆ, ಅದರಲ್ಲೂ ಮಳೆಗಾಲದಲ್ಲಿ, ತಪ್ಪದೆ ಮಾಡುವುದು ಒಳಿತು.