ಮರಿಬೆಕ್ಕಿನ ಜೀವ, ಮನೆಯ ದುಡ್ಡು

ಬೆಕ್ಕು ತನ್ನ ನೋವನ್ನು ಬಚ್ಚಿಟ್ಟುಕೊಳ್ಳುವ ಪ್ರಾಣಿ. ಅದು ಮಂಚದ ಕೆಳಗೆ ಸೇರಿದೆ, ಊಟ ಬಿಟ್ಟಿದೆ ಎಂಬುದು ಮನೆಯವರ ಗಮನಕ್ಕೆ ಬರುವಷ್ಟರಲ್ಲಿ ಕಾಯಿಲೆ ಬಲಿತಿರುತ್ತದೆ. ಎರಡು ಮೂರು ತಿಂಗಳ ಮರಿಯಾದರಂತೂ ಒಂದು ದಿನದ ವಾಂತಿ ಭೇದಿಗೇ ಮೈಯ ನೀರು, ರಕ್ತದ ಸಕ್ಕರೆ ಎರಡೂ ಇಳಿದು ಕುಸಿದುಬಿಡುತ್ತದೆ. ನಾಳೆ ನೋಡೋಣ ಎನ್ನುವಷ್ಟು ಸಮಯವನ್ನು ಅದು ಕೊಡುವುದಿಲ್ಲ.

ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಕಡೆ ಹಗಲಿನಲ್ಲಿ ಪೆಟ್ ಕ್ಲಿನಿಕ್ ಹುಡುಕುವುದು ಕಷ್ಟವಲ್ಲ. ಅವು ಬಾಗಿಲು ಹಾಕಿದ ಮೇಲೆ, ಇಲ್ಲವೇ ಡಾಕ್ಟರು “ಅಡ್ಮಿಟ್ ಮಾಡಬೇಕಾಗುತ್ತದೆ” ಎಂದಾಗ ಸಂಕಟ ಶುರುವಾಗುತ್ತದೆ. ಡ್ರಿಪ್, ರಕ್ತಪರೀಕ್ಷೆ, ಎಕ್ಸ್‌ರೇ, ರಾತ್ರಿ ಉಳಿಸಿಕೊಳ್ಳುವ ಖರ್ಚು ಎಲ್ಲ ಸೇರಿ ಬಿಲ್ಲು ದಿನದಿನಕ್ಕೂ ಸಾವಿರಗಳಲ್ಲಿ ಏರುತ್ತದೆ. ಕಾರ್ಮಿಕರ ಮಗುವಿಗೆ ಕಾಯಿಲೆಯಾದರೆ ರಾಜಾಜಿನಗರದಲ್ಲೇ ಇಎಸ್‌ಐ ಆಸ್ಪತ್ರೆಯಿದೆ. ಅದೇ ಮನೆಯ ಬೆಕ್ಕಿಗೆ ಅಂಥ ಆಸರೆಯಿಲ್ಲ. ಇಡೀ ಖರ್ಚು ಆ ತಿಂಗಳ ಸಂಬಳದಿಂದಲೇ ಹೋಗಬೇಕು.

ಮರಿಗಳನ್ನು ಹೀಗೆ ಕೆಡವುವ ಕಾಯಿಲೆಗಳಲ್ಲಿ ಮುಖ್ಯವಾದದ್ದು ಪ್ಯಾನ್‌ಲ್ಯೂಕೋಪೀನಿಯಾ. ನಾಯಿಗಳ ಪಾರ್ವೊ ವೈರಸ್ಸಿನ ಹತ್ತಿರದ ಸಂಬಂಧಿ ಇದು. ವೈರಸ್ಸು ಕರುಳಿನ ಒಳಪೊರೆಯನ್ನೂ ಎಲುಬಿನ ಮಜ್ಜೆಯನ್ನೂ ಹಾಳುಮಾಡುವುದರಿಂದ ರಕ್ತದ ಬಿಳಿಕಣಗಳು ಕುಸಿಯುತ್ತವೆ. ಈ ಕಾಯಿಲೆಯ ಮರಿ ನೀರಿನ ಬಟ್ಟಲ ಮುಂದೆ ತಲೆ ಇಳಿಬಿಟ್ಟು ಕೂತಿರುತ್ತದೆ. ಬಾಯಾರಿರುತ್ತದೆ, ಆದರೆ ಕುಡಿಯಲಾರದು. ಹೆಗಲ ಮೇಲಿನ ಚರ್ಮವನ್ನು ಮೆಲ್ಲಗೆ ಹಿಡಿದೆತ್ತಿ ಬಿಟ್ಟರೆ ಥಟ್ಟನೆ ಕೂರದೆ ಮಡಿಕೆಯಾಗಿಯೇ ನಿಲ್ಲುತ್ತದೆ. ಹೀಗೆ ಕಂಡರೆ ಒಂದು ಗಂಟೆಯನ್ನೂ ಕಳೆಯಬಾರದು. ವೈರಸ್ಸನ್ನೇ ಕೊಲ್ಲುವ ಖಚಿತ ಔಷಧಿ ಇದಕ್ಕಿಲ್ಲ. ಡ್ರಿಪ್ಪಿನಿಂದ ನೀರು ತುಂಬಿ, ವಾಂತಿ ನಿಲ್ಲಿಸಿ, ಬೇರೆ ಸೋಂಕು ಹತ್ತದಂತೆ ಆಂಟಿಬಯೋಟಿಕ್ ಕೊಟ್ಟು, ಮೈ ತಾನೇ ಚೇತರಿಸಿಕೊಳ್ಳುವವರೆಗೆ ಮರಿಯನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆ. ಮೊದಲ ಐದು ದಿನ ದಾಟಿದ ಮರಿ ಸಾಮಾನ್ಯವಾಗಿ ಬದುಕಿಕೊಳ್ಳುತ್ತದೆ. ಆದ್ದರಿಂದ ಕೈಯಲ್ಲಿರುವ ಹಣವನ್ನು ಐದು ದಿನಕ್ಕೆ ಹಂಚಿ ಲೆಕ್ಕ ಹಾಕಬೇಕು. ಮೊದಲ ರಾತ್ರಿಯೇ ಎಲ್ಲ ಪರೀಕ್ಷೆಗೂ ಸುರಿದು ಮೂರನೆಯ ದಿನ ಡ್ರಿಪ್ಪಿಗೇ ದುಡ್ಡಿಲ್ಲದಂತಾದರೆ ಅದುವರೆಗಿನ ಖರ್ಚೂ ವ್ಯರ್ಥ.

ಹಾಗಾಗದಿರಲು ದುಡ್ಡಿನ ಮಾತನ್ನು ಮೊದಲೇ, ಪರೀಕ್ಷೆಯ ಮೇಜಿನ ಬಳಿಯೇ ಆಡಬೇಕು. ನಮ್ಮ ಜನ ಇದಕ್ಕೆ ತುಂಬ ಸಂಕೋಚಪಡುತ್ತಾರೆ. ಪ್ರೀತಿಯಿಲ್ಲದವರು ಎಂದು ಡಾಕ್ಟರು ತಿಳಿದಾರು ಎಂಬ ಅಳುಕು. “ನಮ್ಮ ಕೈಲಿ ಆಗೋದು ಇಷ್ಟು ಡಾಕ್ಟ್ರೇ, ಇಷ್ಟರಲ್ಲಿ ಮರಿಗೆ ಏನು ಮುಖ್ಯವೋ ಅದನ್ನ ಮೊದಲು ಮಾಡಿ” ಎಂದು ನೇರವಾಗಿ ಹೇಳಿದರೆ, ಯಾವ ಪರೀಕ್ಷೆ ಈಗಲೇ ಬೇಕು, ಯಾವುದು ಕಾಯಬಹುದು ಎಂದು ವಿಂಗಡಿಸಲು ಅವರಿಗೂ ಸುಲಭ. ಈ ಪರೀಕ್ಷೆಯ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ ಎಂದು ಕೇಳಿ. ದಿನದ ಅಂದಾಜನ್ನು ಬರೆಸಿಕೊಳ್ಳಿ. ರಾತ್ರಿ ಉಳಿಸುವ ಬದಲು ದಿನಕ್ಕೆರಡು ಸಲ ಕರೆತಂದರೆ ಆದೀತೇ, ಚರ್ಮದಡಿಗೆ ಕೊಡುವ ಡ್ರಿಪ್ಪನ್ನು ಮನೆಯಲ್ಲೇ ಕೊಡಲು ಕಲಿಸುವಿರಾ ಎಂದೂ ಕೇಳಬಹುದು. ಎಲ್ಲ ಕಾಯಿಲೆಗೂ ಇದು ಒಗ್ಗದು, ಕೆಲವಕ್ಕೆ ಚೆನ್ನಾಗಿಯೇ ಒಗ್ಗುತ್ತದೆ. ಬದುಕುವ ಆಸೆ ತೀರಾ ಕಡಿಮೆಯಿದ್ದು ಮರಿ ನರಳುತ್ತಿದ್ದರೆ ದಯಾಮರಣದ ಮಾತನ್ನೂ ಬಾಯಿಬಿಟ್ಟು ಕೇಳಿ. ಅದು ನಿರ್ದಯವೆಂದು ನಾನು ಒಪ್ಪುವುದಿಲ್ಲ.

ಕಡಿಮೆ ಖರ್ಚಿನ ದಾರಿ ಹುಡುಕುವವರಿಗೆ ಈ ಭಾಗದಿಂದ ಎರಡು ಜಾಗಗಳಿವೆ. ಒಂದು, 1958ರಲ್ಲಿ ಶುರುವಾದ ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆಸ್ಪತ್ರೆ. ಇನ್ನೊಂದು, ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ. ಕಾಲೇಜು ಆಸ್ಪತ್ರೆಯಲ್ಲಿ ವಿದ್ಯಾರ್ಥಿಗಳೂ ಪ್ರಾಧ್ಯಾಪಕರೂ ಕೂಡಿ ನೋಡುವುದರಿಂದ ಕಾಯುವುದು ಹೆಚ್ಚು, ಖರ್ಚು ಕಡಿಮೆ. ನಾಯಂಡಹಳ್ಳಿ, ಸುಮನಹಳ್ಳಿ, ಗೊರಗುಂಟೆಪಾಳ್ಯದ ಮೇಲಿನ ಹೊರವರ್ತುಲ ರಸ್ತೆಯಲ್ಲಿ ಸಂಜೆಯ ಟ್ರಾಫಿಕ್ಕಿಗೆ ಸಿಕ್ಕಿದರೆ ಹೆಬ್ಬಾಳ ಬಹಳ ದೂರ. ಮೆಟ್ರೊದಲ್ಲಿ ಸಾಕುಪ್ರಾಣಿಗೆ ಅವಕಾಶವಿಲ್ಲ, ಆಟೊವೇ ಗತಿ. ಉಸಿರಿಗೆ ಒದ್ದಾಡುವ ಮರಿಯನ್ನು ಮೊದಲು ಹತ್ತಿರದ ಕ್ಲಿನಿಕ್ಕಿನಲ್ಲಿ ತೋರಿಸಿ, ಸ್ಥಿರವಾದ ಮೇಲೆ ಅಲ್ಲಿಗೆ ಒಯ್ಯುವುದು ಕ್ಷೇಮ. ಕೆಂಗೇರಿಯವರಿಗೆ ಹತ್ತಿರವಿರುವ ಪೀಪಲ್ ಫಾರ್ ಅನಿಮಲ್ಸ್ ಆಸ್ಪತ್ರೆ ಕಾಡುಜೀವಿಗಳಿಗೆ ಮೀಸಲು. ಹದ್ದು, ಹಾವು, ಕೋತಿಗಳನ್ನು ನೋಡುವ ಅಲ್ಲಿಗೆ ಬೆಕ್ಕನ್ನು ಹೊತ್ತೊಯ್ದು ಸಮಯ ಕಳೆಯಬೇಡಿ. ಬೀದಿಯಿಂದ ಎತ್ತಿ ತಂದ ಮರಿಯಾದರೆ ಕ್ಯೂಪಾದಂಥ ಸಂಸ್ಥೆಗಳನ್ನು ಕೇಳಬಹುದು. ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದ ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಕಟ್ಟಿದ ಸಂಸ್ಥೆ ಅದು. ಅವರ ಮೇಲೂ ಹೊರೆ ಬಹಳ. ಮನೆಯ ಬೆಕ್ಕಿನ ಬಿಲ್ಲನ್ನು ಅವರ ಮೇಲೆ ಹಾಕುವುದು ನ್ಯಾಯವಲ್ಲ.

ಸಾಲದ ಹಣಕ್ಕೆ ನೆಂಟರು, ಗೆಳೆಯರ ಮುಂದೆ ಕೈಯೊಡ್ಡಬೇಕಾದರೆ ಆಸ್ಪತ್ರೆಯ ಲೆಟರ್‌ಹೆಡ್ಡಿನ ಅಂದಾಜುಪಟ್ಟಿಯ ಜೊತೆ ಹೋಗಿ. ಹಣವನ್ನು ನೇರವಾಗಿ ಆಸ್ಪತ್ರೆಗೇ ಕಟ್ಟಿ ಎಂದರೆ ಕೊಡುವವರಿಗೂ ನಂಬಿಕೆ.

ಇನ್ನು ಡಾಕ್ಟರ ಬಳಿ ಹೋಗುವ ಮುನ್ನ ಮಾಡುವ ಮನೆಮದ್ದುಗಳ ವಿಚಾರ. ಜ್ವರ ಬಂದ ಬೆಕ್ಕಿಗೆ ಡೋಲೊ, ಕ್ರೋಸಿನ್ ಚೂರು ಕೊಡುವುದು ವಿಷ ಕೊಟ್ಟಂತೆ. ಅವುಗಳಲ್ಲಿರುವ ಪ್ಯಾರಾಸಿಟಮಾಲನ್ನು ಅರಗಿಸುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ಸಾಕಷ್ಟಿಲ್ಲ; ರಕ್ತ ಆಮ್ಲಜನಕ ಹೊರಲಾರದೆ ವಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಒಂದೇ ಮಾತ್ರೆಗೆ ಪ್ರಾಣ ಹೋಗಬಹುದು. ಕೊಟ್ಟಾಗಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ, ಬೇಗ ಹೋದರೆ ಮದ್ದಿದೆ. ನಾಯಿಯ ಉಣ್ಣೆಗೆ ಹಚ್ಚುವ ಪರ್ಮೆಥ್ರಿನ್ ಔಷಧಿಯೂ ಬೆಕ್ಕಿಗೆ ವಿಷವೇ. ಮಲ್ಲಿಗೆ ಮಾಲೆಯ ದಾರ ನುಂಗಿದ ಬೆಕ್ಕಿನ ಬಾಯಲ್ಲೋ ಹಿಂಭಾಗದಲ್ಲೋ ದಾರದ ತುದಿ ಕಂಡರೆ ಎಳೆಯಬೇಡಿ, ಒಳಗೆ ಕರುಳು ಕೊಯ್ದುಹೋಗುತ್ತದೆ. ಗಂಡುಬೆಕ್ಕು ಮತ್ತೆಮತ್ತೆ ಮೂತ್ರಕ್ಕೆ ಕೂತು ಹನಿಯೂ ಬಾರದೆ ಕೂಗುತ್ತಿದ್ದರೆ ಅದು ಮಲಬದ್ಧತೆಯೆಂದು ಸುಮ್ಮನಾಗಬೇಡಿ. ದಾರಿ ಕಟ್ಟಿದ್ದರೆ ಎರಡು ಮೂರು ದಿನದಲ್ಲಿ ಸಾವು.

ಪ್ಯಾನ್‌ಲ್ಯೂಕೋಪೀನಿಯಾ ವೈರಸ್ಸು ಮನೆಯೊಳಗೆ ಒಂದು ವರ್ಷದವರೆಗೂ ಉಳಿಯಬಲ್ಲದು. ಫಿನಾಯಿಲ್ ಬೆಕ್ಕಿಗೇ ವಿಷ, ಅದನ್ನು ಬಳಸದೆ ಬ್ಲೀಚ್ ಬೆರೆಸಿದ ನೀರಿನಿಂದ ನೆಲ ತೊಳೆಯಿರಿ. ಆಮೇಲೂ ಲಸಿಕೆಯಾಗದ ಮರಿಯನ್ನು ಆ ಮನೆಗೆ ತರಬೇಡಿ. ಈ ಕಾಯಿಲೆಯನ್ನು ತಡೆಯುವ ಟ್ರೈಕ್ಯಾಟ್ ಲಸಿಕೆಯನ್ನು ಆರರಿಂದ ಎಂಟನೆಯ ವಾರದಲ್ಲಿ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರನೆಯ ವಾರದವರೆಗೆ ಕೊಡಿಸಬೇಕು. ಅದರ ಒಟ್ಟು ಖರ್ಚು ಅಡ್ಮಿಟ್ ಆದ ಮರಿಯ ಬಿಲ್ಲಿನ ಮುಂದೆ ಏನೇನೂ ಅಲ್ಲ. ನಿಮ್ಮ ಮನೆಯ ಮರಿಯ ಲಸಿಕೆ ಪುಸ್ತಕವನ್ನು ಇವತ್ತೇ ತೆಗೆದು ನೋಡಿ. ರಾತ್ರಿ ಬಾಗಿಲು ತೆರೆದಿರುವ ಹತ್ತಿರದ ಕ್ಲಿನಿಕ್ ಯಾವುದೆಂದು ನಿಮ್ಮ ಡಾಕ್ಟರನ್ನು ಕೇಳಿ, ಆ ನಂಬರನ್ನು ಅದೇ ಪುಸ್ತಕದ ರಟ್ಟಿನ ಮೇಲೆ ಬರೆದಿಡಿ.